ನಕ್ಷತ್ರ ಬರೆಸದ ಜೀಪು

ಹಳೇ ಜೀಪು ಕೊಳ್ಳಬೇಕು ಅಂತ ಸಲಹೆ ಕೇಳಲು ಬರುವವರು ಮೊದಲು ಕೇಳುವುದು ರೇಟು. ಆಮೇಲೆ ಕೇಳುವುದು, 'ಬಾನೆಟ್ ಮೇಲೆ ಅಮೆರಿಕನ್ ಸೈನ್ಯದ ಬಿಳಿ ನಕ್ಷತ್ರ ನೀಟಾಗಿ ಬರೆಯೋರು ಬೆಂಗಳೂರಲ್ಲಿ ಯಾರಿದ್ದಾರೆ ಸಾರ್?' ಎರಡಕ್ಕೂ ಉತ್ತರ ಕೊಡುವ ಮೊದಲು ನಾನು ಆ ಗಾಡಿಯ ಆರ್‌ಟಿಒ ದಾಖಲೆಯ ನಕಲು, ಅಂದರೆ ಬಿ ಎಕ್ಸ್‌ಟ್ರಾಕ್ಟ್ ತೋರಿಸಿ ಅನ್ನುತ್ತೇನೆ. ಸುಮಾರು ಜನ ಅಲ್ಲಿಗೇ ಸುಮ್ಮನಾಗುತ್ತಾರೆ.

ನನ್ನ ಹತ್ತಿರ ಇರುವುದು ಎರಡು ಜೀಪು. ಒಂದು ಎರಡನೇ ಮಹಾಯುದ್ಧದ ಕಾಲದ ಲೋ ಬಾನೆಟ್, ಲೆಫ್ಟ್ ಹ್ಯಾಂಡ್ ಗಾಡಿ. ಸಕಲೇಶಪುರದ ಕಡೆಯ ಕಾಫಿ ತೋಟದಿಂದ ಬಂದದ್ದು. ಇನ್ನೊಂದು ಮಹೀಂದ್ರದ ಸಿಜೆ-3ಬಿ, ನಮ್ಮವರು ಹೈ ಬಾನೆಟ್ ಅನ್ನುವುದು. ಇವೆರಡಕ್ಕಿಂತ ಜಾಸ್ತಿ ಜಾಗ ತಿನ್ನುತ್ತಿರುವುದು ಇವುಗಳ ಸುತ್ತ ಸೇರಿಕೊಂಡ ಸಾಮಾನು: ಜೆರ್ರಿ ಕ್ಯಾನ್, ಗ್ರೀಸ್ ಗನ್, ಗುದ್ದಲಿ, ಕೊಡಲಿ, ಸೂಚನೆಯ ತಗಡುಗಳು, ಮ್ಯಾನ್ಯುಯಲ್, ಹಳೇ ಜಾಹೀರಾತು, ಆಟಿಕೆ ಜೀಪು, ಯಾರದೋ ಮದುವೆ ಮೆರವಣಿಗೆಯ ಫೋಟೋ. ಬಸವನಗುಡಿಯ ಮನೆಯಲ್ಲಿ ಇದಕ್ಕೆಲ್ಲ ಜಾಗ ಎಲ್ಲಿ? ಕನಕಪುರ ರಸ್ತೆಯಲ್ಲಿ ಒಂದು ಶೀಟಿನ ಶೆಡ್ಡು ಬಾಡಿಗೆಗೆ ಹಿಡಿದಿದ್ದೇನೆ. ಆ ಬಾಡಿಗೆಯ ವಿಷಯ ಮನೆಯಲ್ಲಿ ಎತ್ತುವ ಹಾಗಿಲ್ಲ.

ಬೆಂಗಳೂರಿಗೂ ಯುದ್ಧದ ಜೀಪಿಗೂ ಏನು ಸಂಬಂಧ ಅಂತ ಕೇಳಬಹುದು. 1940ರಲ್ಲಿ ಶುರುವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು 1943ರಲ್ಲಿ ಅಮೆರಿಕದ ವಾಯುಪಡೆಗೆ ಬಿಟ್ಟುಕೊಟ್ಟಿದ್ದರು. ಏಷ್ಯಾದ ಈ ಭಾಗದ ಅವರ ವಿಮಾನಗಳು ರಿಪೇರಿಗೆ ಇಲ್ಲಿಗೇ ಬರುತ್ತಿದ್ದವು. ಇನ್ನೊಂದು ಕಡೆ ದಂಡು ಪ್ರದೇಶ ಇದ್ದೇ ಇತ್ತು. ಯುದ್ಧ ಮುಗಿದ ಮೇಲೆ ದೇಶದ ಎಲ್ಲೆಡೆ ಸೈನ್ಯದ ಗಾಡಿಗಳು ಡಿಸ್ಪೋಸಲ್‌ನಲ್ಲಿ ಮಾರಾಟವಾದವು. ಮಲೆನಾಡು, ಕೊಡಗಿನ ತೋಟದವರಿಗೆ ಇದಕ್ಕಿಂತ ಒಳ್ಳೇ ಗಾಡಿ ಬೇಕಿರಲಿಲ್ಲ. ಮಳೆಗಾಲದ ಕೆಸರಲ್ಲಿ ನಾಲ್ಕೂ ಚಕ್ರ ಎಳೆಯುವ ಗಾಡಿ ಆಗ ಬೇರೆ ಯಾವುದಿತ್ತು?

ನಾನು ಗಾಡಿ ಕೊಳ್ಳುವ ಮೊದಲು ಅದನ್ನು ಓದುವುದು ಕಲಿತೆ. ಯುದ್ಧದ ಜೀಪಿನಲ್ಲಿ ಎರಡು ಮುಖ್ಯ ಜಾತಿ: ವಿಲ್ಲೀಸ್ ಎಂಬಿ ಮತ್ತು ಫೋರ್ಡ್ ಜಿಪಿಡಬ್ಲ್ಯು. ವಿನ್ಯಾಸ ಒಂದೇ, ಕಾರ್ಖಾನೆ ಬೇರೆ. 1941ರಿಂದ 1945ರವರೆಗೆ ಎರಡೂ ಸೇರಿ ಆರು ಲಕ್ಷಕ್ಕೂ ಮೀರಿ ತಯಾರಾದವು. ಬೇರ್ಪಡಿಸಿ ಹೇಳಬೇಕಾದರೆ ಬಗ್ಗಿ ರೇಡಿಯೇಟರ್ ಕೆಳಗೆ, ಮುಂದಿನ ಅಡ್ಡಪಟ್ಟಿ ನೋಡಬೇಕು. ಅದು ಗುಂಡನೆಯ ಕೊಳವೆ ಆಗಿದ್ದರೆ ವಿಲ್ಲೀಸ್ ಚಾಸಿ. ಬೋರಲು ಹಾಕಿದ ದೋಣಿಯ ಹಾಗೆ ಮಡಚಿದ ತಗಡಾಗಿದ್ದರೆ ಫೋರ್ಡ್. ಫೋರ್ಡ್‌ನವರಿಗೆ ಇನ್ನೊಂದು ಚಟ ಇತ್ತು. ಬೋಲ್ಟಿನ ತಲೆಯ ಮೇಲೂ ತಮ್ಮ 'ಎಫ್' ಅಕ್ಷರ ಒತ್ತುತ್ತಿದ್ದರು. ಟಾರ್ಚ್ ಹಿಡಿದು ಒಂದೊಂದೇ ಬೋಲ್ಟ್ ನೋಡುತ್ತಾ ಹೋದರೆ ಯಾವ ಭಾಗ ಯಾವ ಗಾಡಿಯಿಂದ ಬಂತು ಅಂತ ಗೊತ್ತಾಗುತ್ತದೆ.

ನನ್ನ ಜೀಪಿನ ಚಾಸಿ ಫೋರ್ಡ್. ಇಂಜಿನ್ ವಿಲ್ಲೀಸ್. ಹಿಂದಿನ ಸೀಟಿನ ಪೈಪು ಯಾವ ಊರಿನ ವೆಲ್ಡಿಂಗ್ ಅಂಗಡಿಯದೋ. ಶುದ್ಧ ತಳಿ ಬೇಕು ಅನ್ನುವವರು ಇದನ್ನು ಮುಟ್ಟುವುದಿಲ್ಲ. ನನಗೆ ಅದೇ ಬೇಕಿತ್ತು. ನಮ್ಮ ದೇಶದಲ್ಲಿ ಉಳಿದ ಯುದ್ಧದ ಜೀಪುಗಳಲ್ಲಿ ಸುಮಾರು ಎಲ್ಲವೂ ಹೀಗೇ ಬದುಕಿವೆ. ಒಂದು ಸತ್ತಾಗ ಇನ್ನೊಂದಕ್ಕೆ ಅಂಗ ಕೊಟ್ಟಿದೆ.

ಈಗ ಮಾರುಕಟ್ಟೆಯಲ್ಲಿ 'ಒರಿಜಿನಲ್ ಲೋ ಬಾನೆಟ್' ಅಂತ ಬರುವವುಗಳ ವಿಷಯ. ಹರಿಯಾಣದ ಮಂಡಿ ಡಬ್ವಾಲಿಯಲ್ಲಿ ಹೊಸ ತಗಡಿನಿಂದ ಚೆಂದದ ಜೀಪು ಕಟ್ಟಿಕೊಡುತ್ತಾರೆ. ಕೆಲಸಗಾರಿಕೆ ಚೆನ್ನಾಗಿದೆ, ಅದರ ಬಗ್ಗೆ ತಕರಾರಿಲ್ಲ. ಆದರೆ ಎಷ್ಟೋ ಆಮೇಲೆ ಬಂದ ಮಹೀಂದ್ರ ಎಂಎಂ540 ಜೀಪಿನ ಆರ್‌ಸಿ ಇಟ್ಟುಕೊಂಡು 1944ರ ಗಾಡಿ ಅಂತ ಮಾರಿದರೆ ಅದು ಮೋಸ. ಹಿಂಬದಿ ನೋಡಿದರೇ ಅರ್ಧ ಗೊತ್ತಾಗುತ್ತದೆ. ಯುದ್ಧದ ಜೀಪಿಗೆ ಹಿಂದೆ ಬಾಗಿಲಿಲ್ಲ, ಸ್ಟೆಪ್ನಿ ಹಿಂದೆಯೇ ನೇತಾಡುತ್ತದೆ. 1945ರಲ್ಲಿ ಜನಸಾಮಾನ್ಯರಿಗೆ ಅಂತ ಬಂದ ಸಿಜೆ-2ಎಗೆ ಹಿಂದೆ ಇಳಿಸುವ ಬಾಗಿಲು, ಪಕ್ಕದಲ್ಲಿ ಸ್ಟೆಪ್ನಿ. ಮುಂದಿನ ಜಾಲರಿಯಲ್ಲಿ ಯುದ್ಧದ ಜೀಪಿಗೆ ಒಂಬತ್ತು ಸೀಳು, ಸಿಜೆಗೆ ಏಳು. ಇನ್ನು ಹೆಡ್‌ಲೈಟ್. ಯುದ್ಧದ ಜೀಪಿನಲ್ಲಿ ಒಂದು ತಿರುಪು ಸಡಿಲಿಸಿದರೆ ಲೈಟು ಹಿಂದಕ್ಕೆ ಹೊರಳಿ ಇಂಜಿನ್ ಮೇಲೆ ಬೆಳಕು ಬೀಳುತ್ತದೆ. ರಾತ್ರಿ ರಿಪೇರಿಗೆ ಅಂತ ಮಾಡಿದ್ದು. ಇಷ್ಟು ಬುದ್ಧಿವಂತ ಐಡಿಯಾ ಸಿಜೆಯಲ್ಲಿ ಯಾಕೆ ಇಟ್ಟುಕೊಳ್ಳಲಿಲ್ಲವೋ.

ತೋಟದವರು ಗಾಡಿ ಕೊಡುವಾಗ ಒಂದೇ ಮಾತು ಹೇಳಿದ್ದರು: 'ನಮ್ಮಪ್ಪ ಓಡಿಸಿದ ಗಾಡಿ. ಸಿನಿಮಾ ಗಾಡಿ ಮಾಡಬೇಡಿ ಮಾರಾಯ್ರೇ.' ಆಗ ಸುಮ್ನೆ ತಲೆಯಾಡಿಸಿದೆ. ಪೇಂಟ್ ಕೆರೆಯಲು ಕೂತಾಗ ಅದರ ಅರ್ಥ ಗೊತ್ತಾಯಿತು.

ಹಳೇ ಗಾಡಿಯ ಪೇಂಟನ್ನು ಬ್ಲೋ ಲ್ಯಾಂಪ್ ಹಿಡಿದು ಒಂದೇ ಸಲ ಕಿತ್ತುಹಾಕುವುದು ನಮ್ಮ ಗ್ಯಾರೇಜುಗಳ ಅಭ್ಯಾಸ. ಬೇಗ ಆಗುತ್ತದೆ, ಆದರೆ ಪುರಾವೆ ಪೂರ್ತಿ ಹೋಗುತ್ತದೆ. ನಾನು ಬಾನೆಟ್ ಪಕ್ಕದಲ್ಲಿ ನೀರು ಹಾಕಿ ಉಜ್ಜುವ ಮರಳು ಕಾಗದ ಹಿಡಿದು ಕೈಯಲ್ಲೇ ಉಜ್ಜಿದೆ. ಮೇಲೆ ತೋಟದವರ ಎನಾಮಲ್ ಹಸಿರು. ಅದರ ಕೆಳಗೆ ಬೂದು. ಅದರ ಕೆಳಗೆ ಹೊಳಪಿಲ್ಲದ ಸೈನ್ಯದ ಹಸಿರು, ಅದರ ಮೇಲೆ ಮಾಸಿದ ಅಂಕಿಗಳು. ಅಮೆರಿಕದ ಸೈನ್ಯ ತನ್ನ ಜೀಪುಗಳ ಬಾನೆಟ್ ಪಕ್ಕ ಬರೆಯುತ್ತಿದ್ದ ನಂಬರ್ 20ರಿಂದ ಶುರುವಾಗುತ್ತಿತ್ತು. ನನಗೂ ಆ 20 ಸಿಕ್ಕಿತು, ಅದರ ಹಿಂದೆ ಒಂದೆರಡು ಅಂಕಿಯ ನೆರಳು. ಉಜ್ಜುವ ಒತ್ತಡ ಸ್ವಲ್ಪ ಜಾಸ್ತಿಯಾಗಿದ್ದರೂ ಅದು ನೀರಿನ ಜೊತೆ ಹರಿದುಹೋಗುತ್ತಿತ್ತು.

ಗೆಳೆಯರೆಲ್ಲ ಒಂದೇ ರಾಗ. ಇನ್ನೇನು, ಪೂರ್ತಿ ಸೈನ್ಯದ ಬಣ್ಣ ಹೊಡೆಸು, ನಕ್ಷತ್ರ ಬರೆಸು. ನಾನು ಒಪ್ಪಲಿಲ್ಲ. ಈ ಗಾಡಿ ಸೈನ್ಯದಲ್ಲಿ ಇದ್ದದ್ದು ಹೆಚ್ಚೆಂದರೆ ನಾಲ್ಕು ವರ್ಷ. ತೋಟದಲ್ಲಿ ಇದ್ದದ್ದು ಅದರ ಹತ್ತಾರು ಪಟ್ಟು. ಕಾಫಿ ಮೂಟೆ ಹೊತ್ತಿದೆ, ಬಸುರಿಯರನ್ನು ಆಸ್ಪತ್ರೆಗೆ ಸೇರಿಸಿದೆ, ಚುನಾವಣೆಗೆ ಮೈಕು ಕಟ್ಟಿಸಿಕೊಂಡು ಊರೂರು ತಿರುಗಿದೆ. ಅದನ್ನೆಲ್ಲ ಅಳಿಸಿ, ಫ್ರಾನ್ಸಿನ ನಾರ್ಮಂಡಿ ದಡದಲ್ಲಿ ಯುದ್ಧಕ್ಕೆ ಇಳಿದ ಹಾಗೆ ವೇಷ ಹಾಕಿಸಲು ನನಗೆ ಮನಸ್ಸಾಗಲಿಲ್ಲ. ತೋಟದ ಹಸಿರನ್ನೇ ಉಳಿಸಿಕೊಂಡೆ. ಅಂಕಿ ಸಿಕ್ಕ ಕಡೆ ಅಂಗೈ ಅಗಲ ಜಾಗ ಹಾಗೇ ತೆರೆದು ಬಿಟ್ಟು, ಮೇಲೆ ತೆಳ್ಳಗೆ ಕ್ಲಿಯರ್ ಕೋಟ್ ಹೊಡೆಸಿದೆ. ನೋಡಿದವರು ಪೇಂಟ್ ಕಿತ್ತುಹೋಗಿದೆ ಅಂತಾರೆ. ಅನ್ನಲಿ.

ಇಂಜಿನ್ ಕೆಲಸಕ್ಕೆ ಶಿವಾಜಿನಗರದ ಒಬ್ಬ ಹಿರಿಯ ಮೆಕ್ಯಾನಿಕ್ ಸಿಕ್ಕರು. ಭಾಯ್ ಅಂತಲೇ ಕರೆಯುವುದು. 2.2 ಲೀಟರಿನ, 60 ಕುದುರೆ ಶಕ್ತಿಯ ಸೈಡ್ ವಾಲ್ವ್ ಇಂಜಿನ್ ಅದು, ಗೋ ಡೆವಿಲ್ ಅಂತ ಹೆಸರು. ವಾಲ್ವುಗಳೆಲ್ಲ ಬ್ಲಾಕಿನ ಪಕ್ಕದಲ್ಲೇ ಕೂತಿರುವುದರಿಂದ ಹೆಡ್ ಅಂದರೆ ಒಂದು ಚಪ್ಪಟೆ ಮುಚ್ಚಳ ಅಷ್ಟೇ. ಅದಕ್ಕೇ ಬಾನೆಟ್ ಅಷ್ಟು ಕೆಳಗೆ ಇರುವುದು. ಮುಂದೆ ಬಂದ ಹರಿಕೇನ್ ಇಂಜಿನ್‌ನಲ್ಲಿ ಇನ್‌ಟೇಕ್ ವಾಲ್ವು ಮೇಲಕ್ಕೆ ಹೋಯಿತು, ಇಂಜಿನ್ ಎತ್ತರವಾಯಿತು, ಅದನ್ನು ಮುಚ್ಚಲು ಸಿಜೆ-3ಬಿಯ ಬಾನೆಟ್ ಎತ್ತರಿಸಬೇಕಾಯಿತು. ಹೈ ಬಾನೆಟ್ಟನ್ನು ಕುರೂಪಿ ಅಂತ ಬೈಯುವವರಿಗೆ ನಾನು ಇದನ್ನು ಹೇಳುತ್ತಿರುತ್ತೇನೆ.

ತೋಟದವರು ಪೆಟ್ರೋಲ್ ಖರ್ಚು ತಾಳಲಾರದೆ ಡೀಸೆಲ್ ಇಂಜಿನ್ ಕೂರಿಸಿದ್ದರು. ನಮ್ಮ ಕಡೆಯ ಹಳೇ ಜೀಪುಗಳ ಮಾಮೂಲಿ ಕಥೆ ಇದು. ಅದೃಷ್ಟಕ್ಕೆ ಹಳೇ ಇಂಜಿನ್ ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಮನೆಯ ಮೂಲೆಯಲ್ಲಿ ಗೋಣಿ ಹೊದ್ದುಕೊಂಡು ಕೂತಿತ್ತು. ಹಾಗಾಗಿ ನನ್ನ ಮಾತು ಇಷ್ಟೇ: ಗಾಡಿ ಕೊಂಡು ಓಡಿಬರಬೇಡಿ. ಕೊಟ್ಟಿಗೆ, ಗೋದಾಮು, ಅಟ್ಟ ಎಲ್ಲ ತೋರಿಸಿ ಅಂತ ಕೇಳಿ. ಬಿಚ್ಚಿಟ್ಟ ಸಾಮಾನು ಅಲ್ಲೇ ಇರುತ್ತದೆ. ತೋಟದವರು ಕಬ್ಬಿಣ ಬಿಸಾಡುವ ಪೈಕಿ ಅಲ್ಲ.

ಚಕ್ರ ಬಿಚ್ಚುವಾಗ ಒಂದು ಎಚ್ಚರ. ಯುದ್ಧದ ಜೀಪಿನ ಎಡಗಡೆಯ ಚಕ್ರಗಳ ನಟ್ಟು ಉಲ್ಟಾ ಥ್ರೆಡ್ಡು. ಹೊಸ ಹುಡುಗರು ಪೈಪು ಸಿಕ್ಕಿಸಿ ಬಲವಾಗಿ ತಿರುಗಿಸಿ ಸ್ಟಡ್ಡೇ ಮುರಿಯುತ್ತಾರೆ. ಭಾಯ್ ಇದನ್ನು ಬಾಯಲ್ಲಿ ಹೇಳಲಿಲ್ಲ, ಹಬ್ಬಿನ ಮೇಲೆ ಸುಣ್ಣದಲ್ಲಿ ಬಾಣ ಬರೆದು ಹೋದರು.

ಸಣ್ಣ ಸಾಮಾನಿನ ಬೇಟೆ ಬೇರೆಯೇ ಮಜಾ. ಶಿವಾಜಿನಗರದ ಗುಜರಿ, ಕಲಾಸಿಪಾಳ್ಯ, ಜೆ.ಸಿ. ರಸ್ತೆಯ ಹಿಂದಿನ ಗಲ್ಲಿಗಳು, ಭಾನುವಾರದ ಸಂಡೇ ಬಜಾರ್. ಜೀಪಿನದು ಅಂತ ಕೇಳಬಾರದು. ಕೇಳಿದ ಕೂಡಲೇ ರೇಟು ಮೂರು ಪಟ್ಟು. ಹಳೇ ಕ್ಯಾನ್ ಇದೆಯಾ ಅಣ್ಣಾ, ನೀರು ತುಂಬಕ್ಕೆ ಅನ್ನಬೇಕು. ಜೆರ್ರಿ ಕ್ಯಾನ್ ಮೂಲತಃ ಜರ್ಮನ್ನರ ವಿನ್ಯಾಸ, ಬ್ರಿಟಿಷರೂ ಅಮೆರಿಕನ್ನರೂ ಕಾಪಿ ಹೊಡೆದರು. ಬ್ರಿಟಿಷ್ ಕ್ಯಾನಿಗೆ ಜರ್ಮನ್ನರದ್ದರ ಹಾಗೆ ಒತ್ತಿ ಮುಚ್ಚುವ ಮುಚ್ಚಳ, ಅಮೆರಿಕದ್ದಕ್ಕೆ ತಿರುಪಿನ ಮುಚ್ಚಳ. ಮೈಮೇಲೆ ಇಸವಿ ಒತ್ತಿರುತ್ತಾರೆ. ನನ್ನ ಒಂದು ಕ್ಯಾನು ಅವೆನ್ಯೂ ರಸ್ತೆ ಹತ್ತಿರದ ಟೀ ಅಂಗಡಿಯಲ್ಲಿ ಸೀಮೆಎಣ್ಣೆ ತುಂಬಿಕೊಂಡು ನಿಂತಿತ್ತು. ಬದಲಿಗೆ ಹೊಸ ಪ್ಲಾಸ್ಟಿಕ್ ಕ್ಯಾನ್ ಕೊಟ್ಟರೆ ಅಂಗಡಿಯವರು ನನ್ನನ್ನು ಪಾಪ ಅನ್ನುವ ಹಾಗೆ ನೋಡಿದರು.

ಡ್ಯಾಶ್‌ಬೋರ್ಡಿನ ಸೂಚನೆ ತಗಡುಗಳಲ್ಲಿ ನಕಲು ಜಾಸ್ತಿ. ಅಕ್ಷರದ ಅಂಚು ತೀರಾ ಚೂಪಾಗಿದ್ದು, ರಿವೆಟ್ ತೂತುಗಳ ಸುತ್ತ ಸವೆತವೇ ಇಲ್ಲದಿದ್ದರೆ ಅದು ಹೋದ ವರ್ಷ ಹುಟ್ಟಿದ್ದು. ಮ್ಯಾನ್ಯುಯಲ್ ಪೈಕಿ ಟಿಎಂ 9-803 ಒಂದಿದ್ದರೆ ಸಾಕು. ಅಮೆರಿಕದ ಸೈನ್ಯ 1944ರಲ್ಲಿ ಹೊರತಂದದ್ದು. ಹಳೇ ಪ್ರತಿ ಕಪಾಟಿಗೆ, ಜೆರಾಕ್ಸ್ ಗ್ಯಾರೇಜಿಗೆ. ಗ್ರೀಸ್ ಕೈಯಲ್ಲಿ ಹಳೇ ಕಾಗದ ಮುಟ್ಟಿದರೆ ನಾನು ಮನುಷ್ಯನಾಗಿರುವುದಿಲ್ಲ.

ಆದರೆ ನನಗೆ ಎಲ್ಲಕ್ಕಿಂತ ಬೆಲೆಯ ವಸ್ತು ತೋಟದವರು ಕೊಟ್ಟ ಒಂದು ತಗಡಿನ ಪೆಟ್ಟಿಗೆ. ಒಳಗೆ ಟ್ಯಾಕ್ಸ್ ಕಟ್ಟಿದ ರಸೀದಿ, ಟೈರು ಕೊಂಡ ಬಿಲ್ಲು, ವಿಮೆ ಕಾಗದ, ಮೈಸೂರು ರಾಜ್ಯದ ಮುದ್ರೆ ಇರುವ ನೋಂದಣಿ ಪುಸ್ತಕ. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದದ್ದು 1973ರ ನವೆಂಬರ್ 1ಕ್ಕೆ. ಗಾಡಿಯ ನಂಬರ್ ಅದಕ್ಕೂ ಹಿಂದಿನದು, ಎಂ.ವೈ. ಅಂತ ಶುರುವಾಗುತ್ತದೆ. ಒಂದು ರಸೀದಿಯ ಹಿಂದೆ ಪೆನ್ಸಿಲಿನಲ್ಲಿ ಕೂಲಿ ಲೆಕ್ಕ. ಇದನ್ನು ಯಾವ ಅಂಗಡಿಯಲ್ಲಿ ಕೊಳ್ಳುತ್ತೀರಿ?

ಈ ಪೆಟ್ಟಿಗೆ ಆರ್‌ಟಿಒದಲ್ಲೂ ಕೆಲಸಕ್ಕೆ ಬಂತು. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಅಂತ ನಿಯಮ ಮಾಡಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಚಾಸಿ, ಬಾಡಿ, ಇಂಜಿನ್ ದೊಡ್ಡದಾಗಿ ಬದಲಾಗಿರಬಾರದು. ಹೊಸದಾಗಿ ನೋಂದಾಯಿಸಿದರೆ 20,000 ರೂಪಾಯಿ ಶುಲ್ಕ, 'ವಿಎ' ಸರಣಿಯ ನಂಬರ್, ಹತ್ತು ವರ್ಷದ ಅವಧಿ. ಆಗಲೇ ನೋಂದಣಿ ಇರುವ ಗಾಡಿ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ಆದರೆ ವಿಂಟೇಜ್ ಅಂತ ಆದಮೇಲೆ ಅದನ್ನು ದಿನನಿತ್ಯ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ತುಂಬಿಸುವುದು, ಇಂಥವಕ್ಕೆ ಮಾತ್ರ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಫಸ್ಟ್ ಗೇರಿಗೆ ಸಿಂಕ್ರೋ, ಅಂದರೆ ಗೇರು ಸಲೀಸಾಗಿ ಬೀಳಿಸುವ ವ್ಯವಸ್ಥೆ, ಇಲ್ಲದ ಗಾಡಿ ದಿನಾ ಓಡಿಸುವ ಶಿಕ್ಷೆ ಯಾರಿಗೆ ಬೇಕು, ಅಲ್ವಾ?

ಕಾಗದದಲ್ಲಿರುವ ಇಂಜಿನ್ ನಂಬರ್, ಚಾಸಿ ನಂಬರ್ ಎರಡೂ ಗಾಡಿಯ ಮೇಲಿನದಕ್ಕೆ ತಾಳೆಯಾಗಬೇಕು. ಹಳೇ ಪೆಟ್ರೋಲ್ ಇಂಜಿನ್ ವಾಪಸ್ ಕೂರಿಸಲು ನಾನು ಅಷ್ಟು ಒದ್ದಾಡಿದ್ದಕ್ಕೆ ಇದೂ ಒಂದು ಕಾರಣ. ಮಧ್ಯವರ್ತಿಯೊಬ್ಬರು 'ನಂಬರ್ ಪಂಚ್ ಮಾಡಿಸಿಬಿಡೋಣ ಸಾರ್' ಅಂದರು. ಅವರಿಗೆ ಕಾಫಿ ಕುಡಿಸಿ ಕಳಿಸಿದೆ.

ಹೊಸದಾಗಿ ಶುರು ಮಾಡುವವರಿಗೆ ನಾನು ಯುದ್ಧದ ಜೀಪು ಕೊಳ್ಳಿ ಅನ್ನುವುದಿಲ್ಲ. ಎಪ್ಪತ್ತರ ದಶಕದ ಶುರುವಿನ ಮಹೀಂದ್ರ ಸಿಜೆ-3ಬಿಗಳೂ ಈಗ 50 ದಾಟಿವೆ. ಪೆಟ್ರೋಲ್ ಇಂಜಿನ್ ಉಳಿದಿರುವುದು ಸಿಕ್ಕರೆ ಬಿಡಬೇಡಿ. ಬಿಡಿಭಾಗ ಜೆ.ಸಿ. ರಸ್ತೆಯಲ್ಲಿ ಇನ್ನೂ ಸಿಗುತ್ತದೆ, ಮೆಕ್ಯಾನಿಕ್‌ಗಳಿಗೆ ಕೈ ಪಳಗಿದೆ. ಪೊಲೀಸ್ ಠಾಣೆ, ಅರಣ್ಯ ಇಲಾಖೆ, ಬಿಡಿಒ ಆಫೀಸು ಅಂತ ನಮ್ಮ ಜನ ನೋಡಿದ ಜೀಪು ನಿಜವಾಗಿ ಇದೇ. ಆದರೂ ಲೋ ಬಾನೆಟ್ ಹಿಂದೆಯೇ ಎಲ್ಲರ ಓಟ.

ಸದ್ಯಕ್ಕೆ ನನ್ನ ತಲೆನೋವು ಪೆಟ್ರೋಲು. ಬಂಕುಗಳಲ್ಲಿ ಈಗ ಶೇ 20 ಎಥನಾಲ್ ಬೆರೆತದ್ದೇ ಬರುತ್ತದೆ. ಹಳೇ ಫ್ಯುಯೆಲ್ ಪಂಪಿನ ಒಳಗಿನ ಪೊರೆ ಅಂದರೆ ಡಯಾಫ್ರಾಮ್, ರಬ್ಬರ್ ಪೈಪು ಎರಡಕ್ಕೂ ಅದು ಆಗಿಬರುವುದಿಲ್ಲ. ನೀರು ಹೀರಿಕೊಂಡು ಟ್ಯಾಂಕಿಗೆ ತುಕ್ಕು ಹಿಡಿಸುತ್ತದೆ, ಆ ಟ್ಯಾಂಕೋ ಡ್ರೈವರ್ ಸೀಟಿನ ಕೆಳಗೇ ಇದೆ. ಪೈಪುಗಳನ್ನೆಲ್ಲ ಎಥನಾಲ್ ತಡೆಯುವಂಥವಕ್ಕೆ ಬದಲಾಯಿಸಿದ್ದೇನೆ, ಗಾಡಿ ನಿಲ್ಲಿಸುವಾಗ ಟ್ಯಾಂಕ್ ಪೂರ್ತಿ ಖಾಲಿ ಮಾಡುತ್ತೇನೆ. ಡಯಾಫ್ರಾಮಿಗೆ ಭಾಯ್ ಯಾವುದೋ ಹೊಸ ರಬ್ಬರ್ ಶೀಟು ತರಿಸಿದ್ದಾರೆ. ಮುಂದಿನ ಭಾನುವಾರ ಕತ್ತರಿಸಿ ಕೂರಿಸಿ ನೋಡಬೇಕು.