ಮಳೆಗಾಲದಲ್ಲೂ ವಾಕಿಂಗ್ ಲೆಕ್ಕ ತಪ್ಪದಿರಲು

ಬದಿಯಡ್ಕ, ಕುಂಬಳೆ ಕಡೆ ಜೂನ್‌ನಲ್ಲಿ ಮಳೆ ಹಿಡಿದರೆ ವಾಕಿಂಗ್ ನಿಂತೇ ಹೋಗುತ್ತದೆ, ಅಲ್ವಾ? ಹೆಜ್ಜೆಯ ಲೆಕ್ಕ ಬಿಡಿ, ನಿಮಿಷದ ಲೆಕ್ಕ ಇಡಿ. ದಿನಕ್ಕೆ 10,000 ಹೆಜ್ಜೆ ಎಂಬ ಮಾತು ಹಬ್ಬಿದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ ದೇಹದ ಚಟುವಟಿಕೆ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು ಸಾಕು. ತೋಟದಲ್ಲಿ ಅಡಿಕೆ ಹೊತ್ತದ್ದೂ ಲೆಕ್ಕಕ್ಕೆ ಬರುತ್ತದೆ! ಮಳೆ ಜಾಸ್ತಿಯಾದರೆ ಜಗಲಿಯಲ್ಲೇ ನಡೆಯಿರಿ.

ಗೋಡೆಯ ಕ್ಯಾಲೆಂಡರಿನಲ್ಲಿ ಆಯಾ ದಿನದ ನಿಮಿಷ ಬರೆದು ಭಾನುವಾರ ಕೂಡಿಸಿ. ಆ್ಯಪ್ ಬೇಡವೆನ್ನುವುದಿಲ್ಲ, ಆದರೆ ಕ್ಯಾಲೆಂಡರ್ ಎಲ್ಲರ ಕಣ್ಣಿಗೆ ಬೀಳುತ್ತದೆ. ‘ಇವತ್ತು ಯಾಕೆ ಖಾಲಿ?’ ಎಂದು ಮಕ್ಕಳೇ ಕೇಳುತ್ತಾರೆ. ತೂಕ ದಿನಾ ನೋಡಬೇಡಿ, ಸುಮ್ನೆ ಬೇಜಾರು. ತಿಂಗಳಿಗೊಮ್ಮೆ ಟೇಪು ಹಿಡಿದು ಸೊಂಟದ ಸುತ್ತಳತೆ ಬರೆದಿಡಿ.