ಬ್ರಹ್ಮಗಿರಿ ಸಾಲನ್ನು ನಕ್ಷೆಯಲ್ಲಿ ಓದುವ ಬಗೆ

ಕೊಡಗಿನ ಇರ್ಪುವಿನಿಂದ ಕೇರಳದ ಗಡಿಯಲ್ಲಿರುವ ಬ್ರಹ್ಮಗಿರಿ ಹತ್ತುವವರು ಶಿಖರದ ಎತ್ತರ 1608 ಮೀಟರ್ ಎಂಬುದನ್ನು ಕೇಳಿರುತ್ತಾರೆ. ಆ ಸಾಲಿನ ಯಾವ ಮಗ್ಗುಲಿನ ನೀರು ಎಲ್ಲಿಗೆ ಹೋಗುತ್ತದೆ ಎಂಬುದು ಮಾತ್ರ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಮಂಜು ಮುಸುಕಿ ಶಿಖರ ಕಾಣದಾದಾಗ ನೆರವಿಗೆ ಬರುವುದು ಈ ತಿಳಿವಳಿಕೆಯೇ. ಹೊರಡುವ ಹಿಂದಿನ ದಿನ ಮನೆಯಲ್ಲೇ ಕೂತು ಇದನ್ನು ಕಲಿಯಬಹುದು.

ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಅಳತೆಯ ನಕ್ಷೆ ತೆಗೆದುಕೊಳ್ಳಿ. ಅದರಲ್ಲಿ 2 ಸೆಂಟಿಮೀಟರ್ ಅಂದರೆ ನೆಲದ ಮೇಲೆ 1 ಕಿಲೋಮೀಟರ್. ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಕಂದು ಬಣ್ಣದ ಸಮೋನ್ನತಿ ರೇಖೆಗಳ ನಡುವೆ 20 ಮೀಟರ್ ಎತ್ತರದ ಅಂತರವಿದ್ದು, ಪ್ರತಿ ಐದನೆಯದು ದಪ್ಪಗಿರುತ್ತದೆ. ಆ ದಪ್ಪ ಗೆರೆ ಎಣಿಕೆಗೆಂದೇ ಇರುವುದು, ಕಡಿದಾದ ಜಾಗದ ಗುರುತಲ್ಲ.

ಮೊದಲು ನೀಲಿ ಪೆನ್ಸಿಲ್‌ನಿಂದ ಎಲ್ಲ ಹೊಳೆ, ತೋಡುಗಳನ್ನು (ಸಣ್ಣ ಹಳ್ಳಗಳನ್ನು) ತಿದ್ದಿ. ಬೇಸಿಗೆಯಲ್ಲಿ ಬತ್ತುವವು ನಕ್ಷೆಯಲ್ಲಿ ಕಪ್ಪಾಗಿರುತ್ತವೆ, ಅವನ್ನೂ ಬಿಡಬೇಡಿ. ಆಮೇಲೆ ರೇಖೆಗಳು ಬಾಗುವ ಕಡೆ ನೋಡಿ. ಮೊನೆ ಎತ್ತರದ ಕಡೆ ತಿರುಗಿದ್ದರೆ ಅದು ಕೊಲ್ಲಿ, ಅಂದರೆ ನೀರು ಇಳಿಯುವ ಕಣಿವೆ; ತಗ್ಗಿನ ಕಡೆ ತಿರುಗಿದ್ದರೆ ಏಣು, ಅಂದರೆ ಬೆಟ್ಟದ ಉಬ್ಬಿದ ಬೆನ್ನು. ಏಣುಗಳ ನೆತ್ತಿಯನ್ನು ಕೆಂಪಿನಿಂದ ಜೋಡಿಸುತ್ತಾ ಹೋಗಿ; ನೀರು ಎರಡು ಮಗ್ಗುಲಿಗೆ ಒಡೆಯುವುದು ಈ ಗೆರೆಯಲ್ಲೇ. ಕೆಂಪು ಗೆರೆ ನೀಲಿಯನ್ನು ಎಲ್ಲಿಯೂ ದಾಟಬಾರದು. ದಾಟಿದರೆ ತಪ್ಪಾಗಿದೆ, ಅಳಿಸಿ.

ಈ ಕೆಂಪು ಗೆರೆಯ ಕೊಡಗಿನ ಕಡೆ ಲಕ್ಷ್ಮಣತೀರ್ಥ ಹುಟ್ಟಿ, ಇರ್ಪುವಿನಲ್ಲಿ ಧುಮುಕಿ, ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿ ಸೇರುತ್ತದೆ. ಗಡಿಯಾಚೆ ಕೇರಳವಾದ್ದರಿಂದ ಅಲ್ಲಿನ ನೀರೆಲ್ಲ ಅರಬ್ಬೀ ಸಮುದ್ರಕ್ಕೆ ಎಂದುಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ತಿರುನೆಲ್ಲಿ ಕಡೆಯ ಕಾಳಿಂದಿ ಕಬಿನಿಗೆ ಇಳಿಯುತ್ತದೆ, ಕಬಿನಿ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಗೇ ಬಂದು ಸೇರುತ್ತದೆ. ಬಾರಾಪೊಳೆ ಮಾತ್ರ ಪಡುವಣಕ್ಕೆ ಹರಿಯುತ್ತದೆ. ರಾಜ್ಯದ ಗಡಿಯನ್ನು ನೋಡಿ ನೀರಿನ ದಿಕ್ಕು ಹೇಳಬೇಡಿ, ತೋಡಿನ ಗೆರೆಯನ್ನು ಕೊನೆತನಕ ಹಿಂಬಾಲಿಸಿ.

ಇಳಿಜಾರು ಅಳೆಯಲು ಸ್ಕೇಲ್ ಸಾಕು. ಅಕ್ಕಪಕ್ಕದ ಎರಡು ರೇಖೆಗಳ ನಡುವೆ 2 ಮಿಲಿಮೀಟರ್ ಇದ್ದರೆ 100 ಮೀಟರಿಗೆ 20 ಮೀಟರ್ ಏರು, ಆರಾಮಾಗಿ ನಡೆಯಬಹುದು. 1 ಮಿಲಿಮೀಟರ್ ಇದ್ದರೆ ಸುಮಾರು 22 ಡಿಗ್ರಿ; ಒದ್ದೆ ಹುಲ್ಲಿನಲ್ಲಿ ಕಾಲು ಜಾರುತ್ತದೆ. ರೇಖೆಗಳು ಒಂದಕ್ಕೊಂದು ಅಂಟಿಕೊಂಡಲ್ಲಿ ಬಂಡೆ ಅಥವಾ ಜಲಪಾತ ಇರುತ್ತದೆ. ಮಂಜಿನಲ್ಲಿ ದಾರಿ ತಪ್ಪಿದವರು ತೋಡು ಹಿಡಿದು ಇಳಿಯಬಾರದು ಎನ್ನುವುದು ಇದಕ್ಕೇ. ಏಣಿನ ಮೇಲೇ ಉಳಿದು, ಬಂದ ದಾರಿಯಲ್ಲೇ ಹಿಂತಿರುಗಿ.

ಪೂರ್ವಕ್ಕೆ ನಾಗರಹೊಳೆ ರಾಷ್ಟ್ರೀಯ ಉದ್ಯಾನದ ಭಾಗವನ್ನು ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ರೇಖೆಗಳು ದೂರದೂರ, ನೆಲ ಅಲೆಅಲೆಯಾಗಿ ಇಳಿಯುತ್ತದೆ. ತಗ್ಗುಗಳಲ್ಲಿ ನೀರು ನಿಂತು ಹಡ್ಲುಗಳು, ಅಂದರೆ ಜೌಗು ಹುಲ್ಲುಗಾವಲುಗಳಾಗುತ್ತವೆ, ಹಸಿರು ಹುಲ್ಲಿಗೆ ಆನೆ, ಕಾಟಿಗಳು (ಕಾಡುಕೋಣಗಳು) ಬರುವುದು ಅಲ್ಲಿಗೇ. 20 ಮೀಟರ್ ಅಂತರದ ನಕ್ಷೆಯಲ್ಲಿ ಹಡ್ಲು ಸರಿಯಾಗಿ ಕಾಣದು, ತೋಡುಗಳು ಕೂಡುವ ಸಪಾಟು ಜಾಗಗಳನ್ನು ಗುರುತು ಮಾಡಿಕೊಳ್ಳಿ.

ಬ್ರಹ್ಮಗಿರಿ ವನ್ಯಜೀವಿಧಾಮ, ನಾಗರಹೊಳೆ ರಾಷ್ಟ್ರೀಯ ಉದ್ಯಾನ. ಎರಡೂ ಬೇರೆ ಬೇರೆ. ಬೆಟ್ಟ ಹತ್ತಲು ಅರಣ್ಯ ಇಲಾಖೆಯ ಅನುಮತಿ ಬೇಕು. ನಕ್ಷೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೈಗೆ ಸಿಗುವಂತೆ ಇಟ್ಟುಕೊಳ್ಳಿ.