ಎಡಗಡೆ ಏಳದ ವ್ಯಾನ್ ಚಾವಣಿ

ಮಾರ್ಚ್ ತಿಂಗಳು, ಇಂಗ್ಲೆಂಡಿನ ಕೆಸ್ವಿಕ್ ಹತ್ತಿರದ ಕ್ಯಾಂಪ್‌ಸೈಟ್. ಜಿಟಿಜಿಟಿ ಮಳೆ. ಮಕ್ಕಳು ಮೇಲೆ ಮಲಗಲಿ ಅಂತ ನಮ್ಮ ಹಳೇ ಕ್ಯಾಂಪರ್ ವ್ಯಾನಿನ ಪಾಪ್‌ಟಾಪ್, ಅಂದರೆ ಮೇಲಕ್ಕೆ ಏಳುವ ಚಾವಣಿ, ಎತ್ತಿದೆ. ಬಲಗಡೆ ಎದ್ದಿತು. "ರೀ, ಎಡಗಡೆ ಏಳ್ತಾನೇ ಇಲ್ಲ," ಅಂದಳು ಹೆಂಡತಿ. ಆ ರಾತ್ರಿ ನಾಲ್ಕೂ ಜನ ಕೆಳಗೇ ಮುದುಡಿಕೊಂಡು ಮಲಗಿದೆವು.

ಮೊದಲು ನನಗೆ ಅನುಮಾನ ಬಂದದ್ದು ಗ್ಯಾಸ್ ಸ್ಟ್ರಟ್ ಮೇಲೆ, ಅಂದರೆ ಒಳಗೆ ಒತ್ತಿ ತುಂಬಿದ ಅನಿಲದ ಬಲದಿಂದ ಚಾವಣಿ ಎತ್ತುವ ಕೊಳವೆಯ ಮೇಲೆ. ಅದರೊಳಗಿನ ನೈಟ್ರೋಜನ್ ವರ್ಷ ಕಳೆದ ಹಾಗೆ ನಿಧಾನಕ್ಕೆ ಸೋರಿ ಹೋಗುತ್ತದೆ. ಚಳಿಯಲ್ಲಿ ಬಲ ಇನ್ನೂ ಕಮ್ಮಿ: 20 ಡಿಗ್ರಿಯಲ್ಲಿ 600 ನ್ಯೂಟನ್ ಕೊಡುವ ಸ್ಟ್ರಟ್, 0 ಡಿಗ್ರಿಯಲ್ಲಿ ಸುಮಾರು 560 ಕೊಡುತ್ತದೆ. ಹಳೆಯದರ ಮೈಮೇಲೆ ಅಚ್ಚಾಗಿದ್ದ ನಂಬರ್ ನೋಡಿ ಅದೇ ಬಲದ, ಅದೇ ಉದ್ದದ ಒಂದು ಜೊತೆ ತರಿಸಿದೆ. ಒಂದನ್ನು ಮಾತ್ರ ಬದಲಾಯಿಸಿದರೆ ಚಾವಣಿ ಸೊಟ್ಟಗೆ ಏಳುತ್ತದೆ.

ಬಿಚ್ಚುವ ಮುಂಚೆ ಎರಡೂ ಕಡೆ ಗಟ್ಟಿ ಮರದ ತುಂಡು ಊರುಗೋಲಾಗಿ ಕೊಟ್ಟೆ. ಇದನ್ನು ಮಾತ್ರ ಯಾರೂ ಬಿಡಬೇಡಿ. ಸ್ಟ್ರಟ್ ಕಳಚಿದ ಕ್ಷಣ ಚಾವಣಿಯ ಭಾರವೆಲ್ಲ ನಿಮ್ಮ ಕೈ ಮೇಲೆ ಬರುತ್ತದೆ. ತುದಿಯಲ್ಲಿರುವ ಚಿಕ್ಕ ಕ್ಲಿಪ್ಪನ್ನು ಸ್ಕ್ರೂಡ್ರೈವರಿನಿಂದ ಸ್ವಲ್ಪ ಮೀಟಿದರೆ ಸ್ಟ್ರಟ್ ತಾನು ಕೂತಿರುವ ಗುಂಡನೆಯ ಬಾಲ್‌ನಿಂದ ಕಳಚಿಕೊಳ್ಳುತ್ತದೆ. ಹತ್ತು ನಿಮಿಷದ ಕೆಲಸ.

ಹೊಸ ಜೊತೆ ಹಾಕಿದರೂ ಎಡಗಡೆ ಹಿಂದೆಯೇ ಉಳಿಯಿತು. ಪರಿಚಯದ ಮೆಕ್ಯಾನಿಕ್ ಒಬ್ಬರು, 800 ನ್ಯೂಟನ್‌ನದ್ದು ಹಾಕಿ ಅಂದರು. ನನಗೆ ಮನಸ್ಸು ಒಪ್ಪಲಿಲ್ಲ. ಬಲ ಜಾಸ್ತಿಯಾದರೆ ಸ್ಕ್ರೂ ಹಿಡಿದಿರುವ ಫೈಬರ್‌ಗ್ಲಾಸ್ ಬಿರುಕು ಬಿಡಬಹುದು, ಚಾವಣಿ ಇಳಿಸುವುದೂ ಕಷ್ಟ.

ಸ್ಟ್ರಟ್‌ಗಳನ್ನು ಮತ್ತೆ ತೆಗೆದು, ಚಾವಣಿಯ ಎರಡೂ ಕಡೆ ಇರುವ, ಕತ್ತರಿಯಂತೆ ಮಡಚುವ ತೋಳುಗಳನ್ನು ಕೈಯಲ್ಲೇ ಆಡಿಸಿ ನೋಡಿದೆ. ಬಲಗಡೆಯದು ಒಂದು ಬೆರಳಿಗೆ ತಿರುಗಿತು. ಎಡಗಡೆಯದು ಎರಡು ಕೈ ಹಾಕಿದರೂ ಕಿರ್ ಅನ್ನುತ್ತಾ ಅರ್ಧಕ್ಕೇ ನಿಂತಿತು. ಕಳ್ಳ ಅಲ್ಲಿದ್ದ! ಕೀಲಿನ ಸುತ್ತ ಸುಣ್ಣದಂಥ ಬಿಳಿ ಪುಡಿ. ತೋಳು ಅಲ್ಯೂಮಿನಿಯಂ, ಪಿನ್ ಸ್ಟೇನ್‌ಲೆಸ್ ಸ್ಟೀಲ್. ಈ ಎರಡರ ಮಧ್ಯೆ ನೀರು ನಿಂತರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ, ಆ ಪುಡಿ ಉಬ್ಬಿ ಪಿನ್ನನ್ನು ಕಚ್ಚಿ ಹಿಡಿಯುತ್ತದೆ.

ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಮರದ ತುಂಡು ಅಡ್ಡ ಇಟ್ಟು ಮೆಲ್ಲಗೆ ಬಡಿದಾಗ ಪಿನ್ ಜಾರಿತು. ನೈಲಾನ್ ವಾಷರ್ ಚಪ್ಪಟೆಯಾಗಿ ಹರಿದೇ ಹೋಗಿತ್ತು. ರಂಧ್ರವನ್ನು ಎಮರಿ ಪೇಪರ್‌ನಿಂದ ಉಜ್ಜಿ, ಹೊಸ ವಾಷರ್ ಕೂರಿಸಿ, ಲೋಹಗಳು ಕಚ್ಚಿಕೊಳ್ಳದಂತೆ ತಡೆಯುವ ಪೇಸ್ಟ್ ಸವರಿದೆ. ನಟ್ಟನ್ನು ಪೂರ್ತಿ ಬಿಗಿಯಬಾರದು. ತೋಳು ಅಲ್ಲಾಡಬಾರದು, ಆದರೆ ತನ್ನ ಭಾರಕ್ಕೇ ಕೆಳಗೆ ಬೀಳಬೇಕು. ಆ ಹದ ಸಿಗಲು ಮೂರ್ನಾಲ್ಕು ಸಲ ಬಿಗಿದು ಸಡಿಲಿಸಬೇಕಾಯಿತು.

ಸ್ಟ್ರಟ್ ಹಾಕಿ ಹೆಂಡತಿಯನ್ನು ಕರೆದೆ. ಅವಳು ಒಂದೇ ಕೈಯಲ್ಲಿ ತಳ್ಳಿದಳು. ಎರಡೂ ಕಡೆ ಒಟ್ಟಿಗೆ ಎದ್ದವು. ಇಳಿಸುವಾಗ ಪಕ್ಕದ ಬಾಗಿಲು ತೆರೆದಿಟ್ಟೆವು. ಇಲ್ಲದಿದ್ದರೆ ಒಳಗಿನ ಗಾಳಿಗೆ ಚಾವಣಿಯ ಸುತ್ತಲಿನ ಕ್ಯಾನ್ವಾಸ್ ಬಟ್ಟೆ ಹೊರಗೆ ಉಬ್ಬಿ ಅದೇ ತೋಳುಗಳ ಮಧ್ಯೆ ಸಿಕ್ಕಿ ಹರಿಯುತ್ತದೆ.